ಬಳೆ ತೊಟ್ಟ ಕೈ

(ಬಂಗಾರಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿಯನ್ನು ಮಕ್ಕಳು ತಮ್ಮ ತಾಯಿಯ ಹೆಸರಿನಲ್ಲಿ ಇಟ್ಟಿದ್ದಾರೆ. ಕಲೆಯಲ್ಲಿ, ಪುರಾಣದಲ್ಲಿ ಹೆಣ್ಣನ್ನು ಹೇಗೆ ಕಂಡಿದ್ದಾರೆ ಎಂಬ ವಿಷಯವನ್ನೂ ಅವರೇ ಆರಿಸಿಕೊಟ್ಟರು. ಹರವು ದೊಡ್ಡದು. ಅಜಂತದ ಗೋಡೆಗಳಿಂದ ಹಿಡಿದು ದೂರದೇಶದ ಚಿತ್ರಶಾಲೆಗಳವರೆಗೆ ಹೇಳುತ್ತಾ ಹೋಗಬಹುದು. ಹಾಗೆ ಹೋಗುವುದು ನನಗೆ ಬೇಡವೆನಿಸಿತು. ಬಂಗಾರಪೇಟೆಯಿಂದ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವಷ್ಟು ದೂರದಲ್ಲೇ ಸಾವಿರ ವರ್ಷದ ಹೆಣ್ಣುರೂಪಗಳಿವೆ. ಅವನ್ನೇ ಒಂದೊಂದಾಗಿ ನಿಮ್ಮ ಮುಂದೆ ಇಡುತ್ತೇನೆ. ಎಲ್ಲಕ್ಕೂ ಕೊಂಡಿಯಾಗಿ ಒಂದು ಸಣ್ಣ ವಸ್ತುವನ್ನು ಹಿಡಿದುಕೊಳ್ಳುತ್ತೇನೆ. ಅದು ಬಳೆ.

ಮಾಲೂರಿನ ಕಡೆಯಿಂದ ಬಂಗಾರಪೇಟೆಗೆ ಬರುವ ಹಳ್ಳಿದಾರಿಯೊಂದರಲ್ಲಿ ಒಂದು ಕೆರೆ ಇದೆ. ಏರಿಯ ಕೆಳಗೆ, ಹುಣಸೆಮರದ ಬುಡದಲ್ಲಿ, ಸೊಂಟದೆತ್ತರದ ಒಂದು ಕಲ್ಲು ವಾಲಿಕೊಂಡು ನಿಂತಿದೆ. ಮೇಲೆ ಸೂರ್ಯ, ಚಂದ್ರ. ಕೆಳಗೆ ಒಂದು ಕಂಬ. ಆ ಕಂಬದಿಂದ ಕೊಂಬೆ ಒಡೆದಂತೆ ಒಂದು ಕೈ ಹೊರಟಿದೆ. ಮೊಣಕೈಯಲ್ಲಿ ಬಾಗಿ, ಅಂಗೈ ಮುಂದೆ ಮಾಡಿ, ಬೆರಳುಗಳನ್ನು ಮೇಲೆತ್ತಿ ನಿಂತ ಕೈ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ನಿಂಬೆಹಣ್ಣು. ಮಣಿಕಟ್ಟಿನಿಂದ ಕೆಳಕ್ಕೆ ಒತ್ತಾಗಿ ಬಳೆಗಳು. ಮಳೆ ಗಾಳಿಗೆ ಸವೆದರೂ ಬೆರಳಾಡಿಸಿದರೆ ಗೀರುಗಳು ಸಿಗುತ್ತವೆ. ನಾನು ಎಣಿಸಿದೆ, ಆರು. ಮುಖ ಇಲ್ಲ. ಮೈ ಇಲ್ಲ. ಇಂಥ ಬೇರೆ ಕೆಲವು ಕಲ್ಲುಗಳಲ್ಲಿ ಕೆಳಗೆ ಗಂಡಹೆಂಡಿರ ಚಿತ್ರವೂ ಇರುತ್ತದೆ. ಇದರಲ್ಲಿ ಕೈ ಮಾತ್ರ.

ನಾನು ಮುಟ್ಟಿ ನೋಡುತ್ತಿದ್ದಾಗ ಹುಲ್ಲಿನ ಹೊರೆ ಹೊತ್ತ ಒಬ್ಬ ಹೆಂಗಸು ಬಂದು ಹೊರೆಯನ್ನು ಏರಿಗೆ ಒರಗಿಸಿ ನಿಂತಳು.

"ಇದು ಯಾರಮ್ಮ?" ಎಂದೆ.

"ಮಾಸ್ತಮ್ಮ."

"ಏನು ಹೆಸರಿತ್ತೋ ಅವಳಿಗೆ?"

"ಹೆಸರು ಯಾರಿಗ್ಗೊತ್ತಮ್ಮ. ಬಳೆ ಒಡೀದೆ ಹೋದೋಳು."

ಅಷ್ಟು ಹೇಳಿ, ತುರುಬಿನಲ್ಲಿದ್ದ ಎರಡು ಕನಕಾಂಬರ ಕಿತ್ತು ಆ ಕಲ್ಲಿನ ಮೊಣಕೈ ಸಂದಿಯಲ್ಲಿಟ್ಟು, ಹೊರೆ ಎತ್ತಿಕೊಂಡು ಹೋದಳು.

ಮಾಸ್ತಿ ಎಂದರೆ ಮಹಾಸತಿ. ಗಂಡ ಸತ್ತಾಗ ಚಿತೆ ಏರಿದವಳು. ಮಾಲೂರು ತಾಲ್ಲೂಕಿನ ಮಾಸ್ತಿ ಊರಿನ ಹೆಸರು ಬಂದದ್ದೂ ಇದರಿಂದಲೇ ಎನ್ನುತ್ತಾರೆ. ಆ ಊರು ಕನ್ನಡಕ್ಕೆ ಮಾಸ್ತಿ ವೆಂಕಟೇಶ ಅಯ್ಯಂಗಾರರನ್ನು ಕೊಟ್ಟಿತು. 'ಮಾಸ್ತಿ ಕನ್ನಡದ ಆಸ್ತಿ' ಎಂದು ಹೆಮ್ಮೆಯಿಂದ ಹೇಳುವ ನಾವು ಆ ಹೆಸರಿನೊಳಗೆ ಸುಟ್ಟುಹೋದ ಒಬ್ಬ ಹೆಂಗಸಿದ್ದಾಳೆ ಎಂಬುದನ್ನು ನೆನೆಯುವುದು ಕಡಿಮೆ.

ಶಿಲ್ಪಿಗೆ ಇಡೀ ಹೆಣ್ಣನ್ನು ಕಡೆಯಲು ಬರುತ್ತಿರಲಿಲ್ಲವೆ? ಖಂಡಿತ ಬರುತ್ತಿತ್ತು. ವೀರಗಲ್ಲುಗಳಲ್ಲಿ ಸತ್ತ ಗಂಡಸನ್ನು ಮೂರು ಪಟ್ಟಿಗಳಲ್ಲಿ ಪೂರ್ತಿಯಾಗಿ ತೋರಿಸುತ್ತಾರೆ: ಕೆಳಗೆ ಕಾದಾಡುತ್ತಾನೆ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ, ಮೇಲೆ ದೇವರ ಎದುರು ಕುಳಿತಿರುತ್ತಾನೆ. ಅವನಿಗೆ ಕತ್ತಿ ಇದೆ, ಮೀಸೆ ಇದೆ, ಒಂದು ಕಥೆ ಇದೆ. ಅವಳಿಗೆ ಕೈ ಇದೆ. ಆ ಕೈಯೂ ಅವಳು ಏನು ಮಾಡಿದಳು ಎಂದು ಹೇಳುವುದಿಲ್ಲ, ಬಳೆ ಉಳಿಸಿಕೊಂಡಳು ಎಂದಷ್ಟೇ ಹೇಳುತ್ತದೆ. ಬೆಂಕಿಯ ಸುದ್ದಿ ಆ ಕಲ್ಲಿನಲ್ಲಿ ಎಲ್ಲೂ ಇಲ್ಲ.

ಹೆಸರು ಉಳಿದ ಮಹಾಸತಿಯರೂ ಇದ್ದಾರೆ. ಹೆಗ್ಗಡದೇವನಕೋಟೆಯ ಕಡೆ ಬೆಳತೂರಿನಲ್ಲಿ 1057ರ ಶಾಸನವೊಂದಿದೆ. ದೇಕಬ್ಬೆ ಎಂಬವಳದ್ದು. ಗಂಡ ಏಚ ಮಲ್ಲಯುದ್ಧದಲ್ಲಿ ಒಬ್ಬನನ್ನು ಕೊಂದದ್ದಕ್ಕೆ ಚೋಳರಾಜನ ಆಜ್ಞೆಯಿಂದ ಪ್ರಾಣ ಕಳೆದುಕೊಂಡ. ಹೆತ್ತವರು, ಬಂಧುಗಳು ಬೇಡವೆಂದರೂ ಕೇಳದೆ ದೇಕಬ್ಬೆ ಬೆಂಕಿ ಹೊಕ್ಕಳು. ಕನ್ನಡ ಶಾಸನಗಳಲ್ಲೇ ಇದು ಮೇಲುಮಟ್ಟದ ಕಾವ್ಯ ಎನ್ನುವ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಓದಿದಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಆ ತಡೆದವರ ಮೇಲೆ. 'ಮಗಳೇ, ಬೇಡ' ಎಂದು ಅತ್ತ ಒಬ್ಬ ತಾಯಿ ಅಲ್ಲಿದ್ದಳು. ಆ ಕಾಲದಲ್ಲೂ ಹೆತ್ತ ಕರುಳಿಗೆ ಇದು ಸರಿ ಕಂಡಿರಲಿಲ್ಲ. ಕಲ್ಲು ನಿಲ್ಲಿಸಿದವರು ಹೊಗಳಿದ್ದು ಮಗಳನ್ನು. ಅತ್ತವಳಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

ಬಳೆಯ ಮಾತು ಬಂದದ್ದರಿಂದ ಒಂದು ಗಳಿಗೆ ಇನ್ನೂ ಹಿಂದಕ್ಕೆ ಹೋಗೋಣ. ಮೊಹೆಂಜೊದಾರೊದಲ್ಲಿ 1926ರಲ್ಲಿ ಸಿಕ್ಕ ಕಂಚಿನ ಹುಡುಗಿಯನ್ನು ಶಾಲೆಯ ಪುಸ್ತಕದಲ್ಲಿ ಎಲ್ಲರೂ ನೋಡಿದ್ದೀರಿ. ಗೇಣುದ್ದವೂ ಇಲ್ಲದ ಗೊಂಬೆ. ಎಡಗೈಯ ಭುಜದಿಂದ ಮಣಿಕಟ್ಟಿನವರೆಗೂ ಬಳೆ. ಬಲಗೈ ಸೊಂಟದ ಮೇಲೆ. ತಲೆ ತುಸು ಹಿಂದಕ್ಕೆ. ಅವಳಿಗೆ 'ನರ್ತಕಿ' ಎಂದು ಹೆಸರಿಟ್ಟರು, ಪುಸ್ತಕಗಳಲ್ಲಿ ಇವತ್ತಿಗೂ ಅದೇ ಇದೆ. ಅವಳು ಕುಣಿಯುತ್ತಿಲ್ಲ. ನಿಂತಿದ್ದಾಳೆ. ಸಂಜೆ ಬಾವಿಕಟ್ಟೆಯ ಬಳಿ ಜಗಳ ಬಿಡಿಸಿ ನಿಂತ ನಮ್ಮೂರಿನ ಹುಡುಗಿಯರು ಹೀಗೇ ನಿಲ್ಲುತ್ತಾರೆ. ಮೈಮೇಲೆ ಬಟ್ಟೆಯಿಲ್ಲದ ಹೆಣ್ಣುಗೊಂಬೆ ಕಂಡರೆ ನರ್ತಕಿ ಎನ್ನುವುದು ಕಂಡವರ ಕಣ್ಣಿನ ವಿಚಾರ. ಹೆಣ್ಣಿನ ಚಿತ್ರ ಬರೆದವರು ಯಾರು ಎಂದು ಕೇಳಿದಷ್ಟೇ ಗಟ್ಟಿಯಾಗಿ, ಆ ಚಿತ್ರಕ್ಕೆ ಹೆಸರಿಟ್ಟವರು ಯಾರು ಎಂದೂ ಕೇಳಬೇಕು.

ಈಗ ಕೋಲಾರಕ್ಕೆ ಬನ್ನಿ. ಗಂಗರು ತಮ್ಮನ್ನು 'ಕುವಲಾಲಪುರವರೇಶ್ವರ' ಎಂದು ಕರೆದುಕೊಂಡರು. ಆ ಕುವಲಾಲವೇ ನಮ್ಮ ಕೋಲಾರ. ಊರಿನ ದೇವತೆ ಕೋಲಾರಮ್ಮ. ಹನ್ನೊಂದನೆಯ ಶತಮಾನದಲ್ಲಿ, ರಾಜೇಂದ್ರ ಚೋಳನ ಕಾಲಕ್ಕೆ, ಇಟ್ಟಿಗೆಯ ಗುಡಿ ಕಲ್ಲಿನ ಗುಡಿಯಾಯಿತು. ಅಲ್ಲಿನ ತಮಿಳು ಶಾಸನಗಳು ಅವಳನ್ನು ಪಿಡಾರಿ ಎನ್ನುತ್ತವೆ. ಪಿಡಾರಿ ಊರ ಗಡಿ ಕಾಯುವ, ಬಲಿ ಬೇಡುವ ಗ್ರಾಮದೇವತೆ. ರಾಜ ಅವಳನ್ನು ಊರಾಚೆಗೆ ಕಳಿಸಲಿಲ್ಲ, ಕಲ್ಲಿನ ಮನೆ ಕಟ್ಟಿಕೊಟ್ಟ.

ಆ ಗುಡಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವವರು ಸಪ್ತಮಾತೃಕೆಯರು. ಬ್ರಾಹ್ಮಿ, ಮಾಹೇಶ್ವರಿ, ಕೌಮಾರಿ, ವೈಷ್ಣವಿ, ವಾರಾಹಿ, ಇಂದ್ರಾಣಿ, ಚಾಮುಂಡಿ. ಮೊದಲ ಆರು ಹೆಸರನ್ನು ಗಮನಿಸಿ. ಬ್ರಹ್ಮನಿಗೆ ಬ್ರಾಹ್ಮಿ, ವಿಷ್ಣುವಿಗೆ ವೈಷ್ಣವಿ, ಕುಮಾರನಿಗೆ ಕೌಮಾರಿ. ಹೆಸರು ಅವನದು, ವಾಹನ ಅವನದು, ಆಯುಧವೂ ಅವನದೇ. ಏಳನೆಯವಳು ಚಾಮುಂಡಿ. ಎಲುಬು ಎಣಿಸುವಂಥ ಮೈ, ಗುಳಿಬಿದ್ದ ಹೊಟ್ಟೆ, ಜೋತ ಮೊಲೆ, ಕುಳಿತಿರುವುದು ಹೆಣದ ಮೇಲೆ. ಅವಳು ಯಾವ ಗಂಡುದೇವರ ಹೆಸರನ್ನೂ ಹೊತ್ತಿಲ್ಲ. ಚಂಡಮುಂಡರನ್ನು ಕೊಂದು ಹೆಸರು ತಾನೇ ಗಳಿಸಿದಳು. ನಮ್ಮ ಶಿಲ್ಪದ ಪರಂಪರೆಯಲ್ಲಿ ಹೆಣ್ಣು ಸ್ವಂತ ಹೆಸರು ಪಡೆಯಲು ಚೆಲುವನ್ನು ಬಿಟ್ಟುಕೊಡಬೇಕಾಯಿತು. ಈ ಮಾತನ್ನು ನಾನು ಯೋಚಿಸಿಯೇ ಹೇಳುತ್ತಿದ್ದೇನೆ. ಚೆಲುವೆಯಾಗಿದ್ದೂ ಸ್ವತಂತ್ರಳಾಗಿರುವ ಹೆಣ್ಣುರೂಪ ಕಲ್ಲಿನಲ್ಲಿ ಸಿಗುವುದು ಬಹಳ ಅಪರೂಪ.

ಅದೇ ಗುಡಿಯಲ್ಲಿ ಚೇಳಮ್ಮನೂ ಇದ್ದಾಳೆ, ಚೇಳಿನ ದೇವತೆ. ಅವಳಿಗೆ ನಡೆದುಕೊಂಡರೆ ಚೇಳಿನ ಕಾಟವಿಲ್ಲ ಎಂಬ ನಂಬಿಕೆ. ಬರಿಗಾಲಿನಲ್ಲಿ ಕಳೆ ಕೀಳುವ, ಸೌದೆ ಆಯುವ, ಕಲ್ಲುಸಂದಿಗೆ ಕೈಹಾಕುವ ಜನಕ್ಕೆ ಇದಕ್ಕಿಂತ ಹತ್ತಿರದ ದೇವರು ಯಾರು? ಮೇಲಿನ ಪುರಾಣಗಳಲ್ಲಿ ಇವಳಿಗೆ ಜಾಗವಿಲ್ಲ. ಇನ್ನು ಕೋಲಾರ ಸೀಮೆಯ ಹಳ್ಳಿಹಳ್ಳಿಯ ಸಪ್ಪಲಮ್ಮ, ಗಂಗಮ್ಮ, ಮಾರಮ್ಮರಿಗೆ ಬಹಳ ಕಡೆ ವಿಗ್ರಹವೇ ಇಲ್ಲ. ಒಂದು ಗುಂಡುಕಲ್ಲು, ಅರಿಸಿನ, ಬೇವಿನಸೊಪ್ಪು. ಸುತ್ತ ಹರಕೆಯ ಹಸಿರು ಬಳೆ. ರೂಪ ಕೊಡಲು ಶಿಲ್ಪಿ ಬಾರದ ಕಡೆ ಹೆಂಗಸರು ಬಳೆ ತೊಡಿಸಿಯೇ ದೇವಿಯನ್ನು ಮಾಡಿಕೊಂಡರು.

ಕೋಲಾರದಿಂದ ಆವಣಿ ಎಂಬ ಊರಿಗೆ ಹೋಗಬೇಕಾದರೆ ಮುಳಬಾಗಿಲಿನ ದಾರಿ ಹಿಡಿಯಬೇಕು. ವಾಲ್ಮೀಕಿಯ ಆಶ್ರಮ ಇಲ್ಲೇ ಇತ್ತು, ಸೀತೆ ಲವಕುಶರನ್ನು ಹೆತ್ತದ್ದು ಇಲ್ಲೇ ಎಂಬುದು ಸ್ಥಳಪುರಾಣ. ಬೆಟ್ಟದ ಬುಡದಲ್ಲಿ, ಕಲ್ಲಿನ ಪೌಳಿಯೊಳಗೆ, ನೊಳಂಬರ ಕಾಲದ ಗುಡಿಗಳು: ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ. ನಾಲ್ವರು ಅಣ್ಣತಮ್ಮಂದಿರು ಒಂದೇ ಅಂಗಳದಲ್ಲಿ ಲಿಂಗಗಳಾಗಿ ನೆಲೆಸಿದ್ದಾರೆ. ಕಂಬಗಳ ಕುಸುರಿ, ಒಳಮಾಳಿಗೆಯ ಕೆತ್ತನೆ ನೋಡಲು ಜನ ಬರುವುದು ಅಲ್ಲಿಗೆ. ಸೀತೆ ಅಲ್ಲಿಲ್ಲ. ಸೀತೆಯನ್ನು ಕಾಣಬೇಕಾದರೆ ಬೆಟ್ಟ ಹತ್ತಬೇಕು. ದಾರಿಯಲ್ಲಿ ವಾಲ್ಮೀಕಿಯ ಗವಿ, ಲವಕುಶರು ಹುಟ್ಟಿದ ಜಾಗ ಎಂದು ತೋರಿಸುವ ಬಂಡೆಗಳು. ತುದಿಯಲ್ಲಿ, ಪಾರ್ವತಿಯ ಜೊತೆಗೆ, ಸೀತೆ.

ಬೇರೆಲ್ಲ ಕಡೆ ನಾವು ಕಾಣುವ ಸೀತೆ ರಾಮನ ಎಡಗಡೆ ನಿಂತವಳು. ಪಟ್ಟಾಭಿಷೇಕದ ಪಟ ನಮ್ಮೆಲ್ಲರ ಮನೆಯಲ್ಲಿದೆ. ಆವಣಿಯ ಸೀತೆ ಪಟ್ಟಾಭಿಷೇಕದ ಆಮೇಲಿನವಳು. ಬಿಟ್ಟುಬಂದವಳಲ್ಲ, ಬಿಡಲ್ಪಟ್ಟವಳು. ಬಸುರಿಯಾಗಿ ಬೆಟ್ಟ ಹತ್ತಿದವಳು. ಮಕ್ಕಳಾಗದ ಹೆಂಗಸರು ಹರಕೆ ಹೊತ್ತು ಬರುವುದು ಈ ಸೀತೆಯ ಬಳಿಗೆ. ನಾನು ಹೋದ ದಿನ ನನ್ನ ಮುಂದೆ ಒಬ್ಬ ಅತ್ತೆ ಸೊಸೆಯ ಕೈಹಿಡಿದು ಹತ್ತಿಸುತ್ತಿದ್ದಳು. ಇಬ್ಬರಿಗೂ ಏದುಸಿರು. ಅರ್ಧ ದಾರಿಯಲ್ಲಿ ಕುಳಿತು, ಸೊಸೆಯ ಹಣೆಯ ಬೆವರನ್ನು ಅತ್ತೆ ತನ್ನ ಸೆರಗಿನಿಂದ ಒರೆಸಿ, "ಆಕೆ ಹೊಟ್ಟೆ ಹೊತ್ಕೊಂಡು ಹತ್ತಿದ್ಲಂತೆ, ನೀನು ಬರೀ ಕೈಲಿ ಹತ್ತಲಾರ್ಯ" ಎಂದಳು. ರಾಮಾಯಣದ ವಿಮರ್ಶೆಯನ್ನು ನಾನು ಬಹಳ ಓದಿದ್ದೇನೆ. ಆದರೆ ಸೀತೆಯನ್ನು ತನ್ನಂಥ ಒಬ್ಬ ಬಸುರಿ ಹೆಂಗಸಾಗಿ ಕಂಡ ಆ ಮಾತಿನಷ್ಟು ನೇರವಾದದ್ದು ನನಗೆ ಅಲ್ಲಿ ಸಿಕ್ಕಿಲ್ಲ.

ಕನ್ನಡದ ಕವಿಗಳಿಗೂ ಸೀತೆಯ ಪಾಡು ನುಂಗಲಾರದ ತುತ್ತಾಗಿತ್ತು. ಲಕ್ಷ್ಮೀಶ ಜೈಮಿನಿ ಭಾರತದಲ್ಲಿ ಸೀತೆಯ ಪರಿತ್ಯಾಗವನ್ನು ಬರೆದ ರೀತಿಗೆ ತಲೆಮಾರುಗಳು ಅತ್ತಿವೆ. ಕುವೆಂಪು ಇನ್ನೂ ಮುಂದೆ ಹೋದರು. 1949ರಲ್ಲಿ ಬಂದ ಶ್ರೀ ರಾಮಾಯಣ ದರ್ಶನಂ ಕಾವ್ಯದಲ್ಲಿ ಸೀತೆಯೊಡನೆ ರಾಮನೂ ಅಗ್ನಿಪ್ರವೇಶ ಮಾಡುತ್ತಾನೆ. ಪರೀಕ್ಷೆ ಎಂದರೆ ಇಬ್ಬರಿಗೂ ಎಂದು ಕವಿ ತೀರ್ಮಾನಿಸಿದರು. ಪುರಾಣ ಹಳೆಯದು, ಅದನ್ನು ಮುಟ್ಟಬಾರದು ಎನ್ನುವವರಿಗೆ ನಾನು ಈ ಒಂದು ಉದಾಹರಣೆ ಕೊಟ್ಟು ಸುಮ್ಮನಾಗುತ್ತೇನೆ.

ಗುಡಿ ಕಟ್ಟಿಸಿದ ಹೆಂಗಸರ ಸುದ್ದಿಯನ್ನು ಬಿಟ್ಟರೆ ತಪ್ಪಾಗುತ್ತದೆ. ಆವಣಿಯ ಶಾಸನಗಳು ನೊಳಂಬ ರಾಣಿ ದೀವಬ್ಬರಸಿಯನ್ನು ನೆನೆಯುತ್ತವೆ. ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಇವರ ಕೈಯಲ್ಲಿ ಹಣವಿತ್ತು, ಆಜ್ಞೆಯಿತ್ತು. ಉಳಿ ಮಾತ್ರ ಗಂಡಸರ ಕೈಯಲ್ಲಿತ್ತು.

ಬೇಲೂರಿನಲ್ಲಿ ಅದು ಎದ್ದು ಕಾಣುತ್ತದೆ. 1117ರ ಚೆನ್ನಕೇಶವ ಗುಡಿಯ ಮದನಿಕೆಯರ ಮೇಲೆ ನಮ್ಮ ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿ 'ಅಂತಃಪುರ ಗೀತೆ'ಗಳನ್ನೇ ಕಟ್ಟಿದರು. ಕನ್ನಡಿ ಹಿಡಿದವಳು, ಗಿಳಿಯೊಡನೆ ಮಾತಾಡುವವಳು, ಸೀರೆ ಎಳೆಯುವ ಕೋತಿಯನ್ನು ಗದರಿಸುವವಳು, ಬಿಲ್ಲು ಹಿಡಿದು ಬೇಟೆಗೆ ಹೊರಟವಳು. ಡಿವಿಜಿಯವರ ದೊಡ್ಡತನವೆಂದರೆ ಆ ಪ್ರತಿಮೆಗಳಿಗೆ ಒಂದು ಮನಸ್ಸನ್ನು ಕೊಟ್ಟರು. ಕಲ್ಲಿನ ಹೆಣ್ಣನ್ನು ಮಾತಾಡಿಸಿದರು. ಆದರೂ ಮದನಿಕೆಯರ ಪೀಠದಲ್ಲಿ ಕೊರೆದಿರುವ ಹೆಸರು ದಾಸೋಜನದು, ಚಾವಣನದು. ಎದುರಿಗೆ ನಿಂತ ಹುಡುಗಿ ಯಾರಿದ್ದಳೋ, ಅವಳ ಹೆಸರು ಎಲ್ಲೂ ಇಲ್ಲ. ಬೇಲೂರನ್ನು ಕುರಿತು ಬೇರೆಯವರು ಬಹಳ ಹೇಳಿದ್ದಾರೆ. ನಾನು ಮನೆಗೆ ಹಿಂತಿರುಗುತ್ತೇನೆ.

ಬಂಗಾರಪೇಟೆಯ ಹೂವಿನ ಕರಗ ನಿಮಗೆ ಹೊಸದಲ್ಲ. ಕೋಲಾರ, ಮಾಲೂರು, ಹೊಸಕೋಟೆ, ಬೆಂಗಳೂರುಗಳಲ್ಲೂ ತಿಗಳ ಸಮುದಾಯದವರು ಇದನ್ನು ನಡೆಸಿಕೊಂಡು ಬಂದಿದ್ದಾರೆ. ಕರಗ ಎಂದರೆ ದ್ರೌಪದಿ. ತಿಮಿರಾಸುರನನ್ನು ಕೊಲ್ಲಲು ಅವಳು ವೀರಕುಮಾರರನ್ನು ಹುಟ್ಟಿಸಿದಳು, ವರ್ಷಕ್ಕೊಮ್ಮೆ ಬರುತ್ತೇನೆಂದು ಮಾತು ಕೊಟ್ಟು ಹೋದಳು ಎಂಬುದು ಅವರ ಪುರಾಣ. ವ್ಯಾಸಭಾರತದ ದ್ರೌಪದಿಯನ್ನು ಸಭೆಯಲ್ಲಿ ಎಳೆದಾಡಿದರು. ರನ್ನನಲ್ಲೂ ಕುಮಾರವ್ಯಾಸನಲ್ಲೂ ಅವಳ ಬಿಚ್ಚಿದ ಮುಡಿಯನ್ನು ಕಟ್ಟಲು ಭೀಮ ಬರಬೇಕು. ತಿಗಳರ ದ್ರೌಪದಿ ಯಾರನ್ನೂ ಕಾಯುವುದಿಲ್ಲ. ಅವಳೇ ಆದಿಶಕ್ತಿ, ಅವಳ ಹಿಂದೆ ಕತ್ತಿ ಹಿರಿದ ಮಕ್ಕಳು.

ಅವಳನ್ನು ಹೊರುವವನು ಗಂಡಸು. ಸೀರೆ, ಕುಪ್ಪಸ, ಬಳೆ, ಕಣ್ಣಿಗೆ ಕಾಡಿಗೆ, ತಲೆಯ ಮೇಲೆ ಮಲ್ಲಿಗೆಯ ಗೋಪುರ. ಬೆಂಗಳೂರಿನ ಕರಗದಲ್ಲಿ ಪೂಜಾರಿಯ ಹೆಂಡತಿ ತನ್ನ ತಾಳಿಯನ್ನೂ ಬಳೆಯನ್ನೂ ಗಂಡನಿಗೆ ಕೊಟ್ಟು, ಉತ್ಸವ ಮುಗಿಯುವವರೆಗೆ ಅವನ ಕಣ್ಣಿಗೆ ಬೀಳದೆ ಇರುತ್ತಾಳೆ. ನಮ್ಮ ಆಡುಮಾತಿನಲ್ಲಿ 'ಬಳೆ ತೊಟ್ಕೊಂಡು ಕೂತ್ಕೋ' ಎಂದರೆ ಗಂಡಸಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಕರಗದ ರಾತ್ರಿ ಅದೇ ಬಳೆ ತೊಟ್ಟ ಗಂಡಸಿಗೆ ಊರಿಗೆ ಊರೇ ಕೈಮುಗಿಯುತ್ತದೆ. ಹೆಣ್ಣಾಗುವುದು ಮೇಲಕ್ಕೇರುವುದು ಎಂದು ಒಪ್ಪುವ ರಾತ್ರಿ ಅದು. ಇಂಥ ಆಚರಣೆ ನಮ್ಮ ಸೀಮೆಯಲ್ಲಿ ಉಳಿದಿದೆ ಎಂಬುದು ನನಗೆ ಬಹಳ ಬೆಲೆಬಾಳುವ ಸಂಗತಿ.

ಆದರೆ ಚಿಕ್ಕಂದಿನಿಂದ ನನ್ನನ್ನು ಕಾಡಿದ ಪ್ರಶ್ನೆಯೂ ಅಲ್ಲೇ ಇದೆ. ನಮ್ಮಪ್ಪ ಬಂಗಾರಪೇಟೆ ಜಂಕ್ಷನ್ನಿನಲ್ಲಿ ಕೆಲಸಕ್ಕಿದ್ದರು. ಅವರ ಹೆಗಲ ಮೇಲೆ ಕುಳಿತು ಕರಗ ನೋಡಿದವಳು ನಾನು. ಮಲ್ಲಿಗೆಯ ಘಮ, ಕತ್ತಿಗಳ ಖಣಖಣ, 'ಗೋವಿಂದ' ಎಂಬ ಕೂಗು. ಬೀದಿಯುದ್ದಕ್ಕೂ ಗಂಡಸರು. ಅವ್ವ, ಅಜ್ಜಿ, ಅಕ್ಕಂದಿರು ಜಗಲಿಯ ಮೇಲೆ. "ಅವಳ ಮೆರವಣಿಗೆಗೆ ಇವರ್ಯಾಕೆ ಹೋಗಲ್ಲಪ್ಪ?" ಎಂದು ಕೇಳಿದೆನಂತೆ. ಅಪ್ಪ ಏನು ಹೇಳಿದರೋ ನೆನಪಿಲ್ಲ. ಗಂಡನಿಗೆ ಬಳೆ ಕೊಟ್ಟ ಪೂಜಾರಿಯ ಹೆಂಡತಿಯ ಬರಿಗೈಯ ಚಿತ್ರವನ್ನು ಯಾರೂ ಬರೆದಿಲ್ಲ. ಯಾರಾದರೂ ಬರೆಯಬೇಕು.

ಇನ್ನು ಕೋಲಾರದ ಚಿನ್ನದ ಗಣಿಗೆ, ಕೆಜಿಎಫಿಗೆ, ಇಳಿಯೋಣ.

ಈ ಊರಿಗೆ ಮೊದಲಿದ್ದ ಬೌರಿಂಗ್‌ಪೇಟೆ ಎಂಬ ಹೆಸರು ಬಂಗಾರಪೇಟೆ ಆದದ್ದು ಆ ಚಿನ್ನದ ನಂಟಿನಿಂದ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. ಚಾಂಪಿಯನ್ ರೀಫ್ ಗಣಿ ಮೂರು ಸಾವಿರದ ಇನ್ನೂರು ಮೀಟರಿಗೂ ಆಳಕ್ಕೆ ಹೋಯಿತು. ಉತ್ತರ ಆರ್ಕಾಟಿನಿಂದ, ಸೇಲಂನಿಂದ, ಚಿತ್ತೂರಿನಿಂದ ಬಂದ ದಲಿತ ಕುಟುಂಬಗಳು ತಟ್ಟಿಮನೆಗಳಲ್ಲಿ, ಲೈನುಗಳಲ್ಲಿ ಬಾಳಿದವು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ನೂರಿಪ್ಪತ್ತು ವರ್ಷ. ಆ ನೂರಿಪ್ಪತ್ತು ವರ್ಷದ ಫೋಟೋಗಳನ್ನು ತೆಗೆದು ನೋಡಿ. ಶಾಫ್ಟಿನ ಮುಂದೆ ಟೋಪಿಯ ದೊರೆಗಳು, ಕೇಜಿನ ಮುಂದೆ ಲಾಂದ್ರ ಹಿಡಿದ ಕೂಲಿಗಳು. ಹೆಂಗಸರು ಎಲ್ಲಿ?

ಹೆಂಗಸರು ಇದ್ದರು. ಅಂಡರ್‌ಗ್ರೌಂಡಿನಲ್ಲಿ ಅಲ್ಲ, ಸರ್ಫೇಸಿನಲ್ಲಿ. ಕೆಜಿಎಫಿಗೆ ಗಣಿಗಾರರನ್ನು ಕಳಿಸಿದ ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲೂ ಹೀಗೇ. ಅಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆಯುತ್ತಿದ್ದ ಹೆಂಗಸರನ್ನು 'ಬಾಲ್ ಮೇಡನ್' ಎನ್ನುತ್ತಿದ್ದರು. ಅವರ ಬಿಳಿ ಏಪ್ರನ್ನು, ತಲೆಯ ಟೊಪ್ಪಿಗೆ, ಕೈಯ ಸುತ್ತಿಗೆ ಎಲ್ಲವೂ ಚಿತ್ರಗಳಲ್ಲಿ, ಫೋಟೋಗಳಲ್ಲಿ ದಾಖಲಾಗಿವೆ. ನಮ್ಮವರಿಗೆ ಆ ಭಾಗ್ಯ ಸಿಗಲಿಲ್ಲ.

ಕೆಲವು ವರ್ಷದ ಹಿಂದೆ ಮಾರಿಕುಪ್ಪದ ಒಂದು ಲೈನಿನಲ್ಲಿ ಒಬ್ಬ ಅಜ್ಜಿಯ ಜೊತೆ ಕುಳಿತಿದ್ದೆ. ತಮಿಳು ಬೆರೆತ ಕನ್ನಡದಲ್ಲಿ ಮಾತಾಡಿದರು. ಗೋಡೆಯ ಮೇಲೆ ಮಾರಿಯಮ್ಮನ ಪಟ, ಪಕ್ಕದಲ್ಲಿ ರವಿವರ್ಮನ ಲಕ್ಷ್ಮಿಯ ಹೋಲಿಕೆಯ ಒಂದು ಹಳೆ ಕ್ಯಾಲೆಂಡರು, ಅದರ ಪಕ್ಕ ಸೀರೆಯುಟ್ಟ ವೇಳಾಂಕಣ್ಣಿ ಮಾತೆ. ಮೂವರ ಕೈಯಲ್ಲೂ ಚಿನ್ನ. ಅಜ್ಜಿಯ ಕೈ ಬರಿದು. ತಮ್ಮ ಅತ್ತೆ ಮಿಲ್ಲಿನ ಹತ್ತಿರ ಕಲ್ಲು ಆರಿಸುವ ಕೆಲಸಕ್ಕೆ ಹೋಗುತ್ತಿದ್ದರು ಎಂದರು. ಕಲ್ಲಿನ ಚೂರು ತಾಗಿ ಬಳೆ ಒಡೆಯಬಾರದು ಎಂದು ಮೊಣಕೈವರೆಗೆ ಹಳೆ ಸೀರೆಯ ತುಂಡು ಸುತ್ತಿಕೊಳ್ಳುತ್ತಿದ್ದರಂತೆ. "ಬಳೆ ತಾನಾಗಿ ಒಡೆದ್ರೆ ಕೆಳಗಿರೋ ಗಂಡನಿಗೆ ಆಗಲ್ಲ ಅಂತ ಭಯ" ಎಂದರು.

ಈ ಊರಿನ ಹೆಂಗಸರ ಬದುಕೆಲ್ಲ ಆ ಒಂದು ಮಾತಿನಲ್ಲಿದೆ. ಆಳದಲ್ಲಿ ಬಂಡೆ ಸಿಡಿದು ರಾಕ್ ಬರ್ಸ್ಟ್ ಆದರೆ ಮೇಲೆ ಮನೆಗಳು ಅದುರುತ್ತಿದ್ದವು. ಅಡುಗೆಮನೆಯ ಪಾತ್ರೆ ಅಲುಗಿದ್ದೇ ಹೆಂಗಸರು ಒಲೆ ಬಿಟ್ಟು ಶಾಫ್ಟಿನ ಕಡೆ ಓಡುತ್ತಿದ್ದರು. ಕೇಜು ಮೇಲೆ ಬರುವವರೆಗೆ ನಿಲ್ಲುತ್ತಿದ್ದರು. ಬಂಡೆ ಕೊಲ್ಲದವರನ್ನು ಧೂಳು ಕೊಂದಿತು. ಸಿಲಿಕೋಸಿಸ್ ಹತ್ತಾರು ವರ್ಷ ಎದೆಯಲ್ಲಿ ಕುಳಿತು ತಿನ್ನುವ ಕಾಯಿಲೆ. ಅಜ್ಜಿಯ ಗಂಡ ಹೋದದ್ದು ಅದರಿಂದಲೇ. ಬಳೆ ಒಡೆಯುವ ಶಾಸ್ತ್ರ ಮನೆಯ ಹಿಂದೆ ಕಲ್ಲಿನ ಮೇಲೆ ನಡೆಯಿತಂತೆ. ಕೆರೆ ಏರಿಯ ಕೆಳಗಿನ ಆ ಮಾಸ್ತಿಕಲ್ಲು ನನಗೆ ನೆನಪಾಯಿತು. ಬಳೆ ಉಳಿಸಿಕೊಂಡು ಸತ್ತವಳಿಗೆ ನಾವು ಕಲ್ಲು ನಿಲ್ಲಿಸಿದೆವು. ಬಳೆ ಒಡೆಸಿಕೊಂಡು ಬದುಕಿದವಳಿಗೆ, ನಾಲ್ಕು ಮಕ್ಕಳನ್ನು ಸಾಕಿದವಳಿಗೆ, ಕಲ್ಲಿಲ್ಲ. ಈ ದತ್ತಿಯಲ್ಲಿ ನಾನು ಹೇಳಬೇಕೆಂದು ಬಂದ ಮಾತು ಇದೇ.

ಈಗ ಸಿನಿಮಾದ ಮಾತು. ಹಿಂದಿನ ಸಾಲಿನಲ್ಲಿ ಕುಳಿತಿರುವ ಕಾಲೇಜು ಮಕ್ಕಳು ಅದಕ್ಕೇ ಕಾಯುತ್ತಿದ್ದಾರೆ. 2018ರ ಡಿಸೆಂಬರಿನಲ್ಲಿ 'ಕೆಜಿಎಫ್' ಬಂತು. ನಮ್ಮ ಸಯನೈಡ್ ದಿಬ್ಬಗಳ ಮೇಲೆ ಚಿತ್ರೀಕರಣವಾಯಿತು, ದೇಶವೆಲ್ಲ ಈ ಮೂರಕ್ಷರವನ್ನು ಬಾಯಿಪಾಠ ಮಾಡಿತು. ಅದರ ಜೀವಾಳ ತಾಯಿ. ಸಾಯುವ ಮುನ್ನ ಮಗನಿಂದ ಮಾತು ತೆಗೆದುಕೊಂಡ ತಾಯಿ. ತಾಯಿಯನ್ನು ದೊಡ್ಡದಾಗಿ ಕಂಡದ್ದು ನನಗೆ ಸಂತೋಷವೇ. ಆದರೆ ಆ ತಾಯಿಯ ಬದುಕಿಗೆ ಅರ್ಥ ಬರುವುದು ಮಗನಿಂದ. ಮಾಸ್ತಿಯ ಕೈಗೆ ಗಂಡನಿಂದ ಅರ್ಥ ಬಂದ ಹಾಗೆ. 2024ರ ಆಗಸ್ಟಿನಲ್ಲಿ ಪಾ. ರಂಜಿತ್ ಅವರ ತಮಿಳು ಚಿತ್ರ 'ತಂಗಲಾನ್' ಬಂತು. ಅಲ್ಲಿ ಚಿನ್ನದ ನೆಲವನ್ನು ಕಾಯುವವಳು ಆರತಿ ಎಂಬ ಹೆಣ್ಣು, ಒಡಲಿನಿಂದ ಚಿನ್ನ ಅಗೆಯಬೇಡಿ ಎಂದು ಅಡ್ಡ ನಿಲ್ಲುವವಳು. ಜೊತೆಗೆ ಗಂಗಮ್ಮ ಎಂಬ ಇನ್ನೊಬ್ಬಳಿದ್ದಾಳೆ, ಗಂಡನೊಡನೆ ಗಣಿಗೆ ಬಂದ ಕೂಲಿ ಹೆಂಗಸು. ಆ ಚಿತ್ರದ ಹೆಂಗಸರು ಮೊದಲ ಸಲ ರವಿಕೆ ತೊಟ್ಟು ಒಬ್ಬರನ್ನೊಬ್ಬರು ನೋಡಿಕೊಳ್ಳುವ ಗಳಿಗೆ ನನ್ನ ಕಣ್ಣಲ್ಲಿ ನೀರು ತರಿಸಿತು. ಪ್ರಪಂಚದ ಚಿತ್ರಕಲೆಯಲ್ಲಿ ಹೆಣ್ಣಿನ ಬಟ್ಟೆ ಬಿಚ್ಚಿ ತೋರಿಸಿದ್ದಕ್ಕೆ ಲೆಕ್ಕವಿಲ್ಲ. ಬಟ್ಟೆ ತೊಡುವುದರಲ್ಲಿ ಇರುವ ಮಾನ ಎಷ್ಟು ದೊಡ್ಡದೆಂದು ತೋರಿಸಿದ್ದು ವಿರಳ. ಎರಡೂ ಚಿತ್ರ ನ್ಯೂನತೆಯಿಲ್ಲದವಲ್ಲ. ಆದರೆ ನಮ್ಮ ಗಣಿಯ ಹೆಂಗಸು ಹೇಗಿದ್ದಳು ಎಂದು ಕೇಳಿದರೆ ನಾನು ಎರಡನೆಯದರ ಕಡೆ ಕೈ ತೋರಿಸುತ್ತೇನೆ.

ನೆಲದಾಳ ಹೆಣ್ಣಿಗೆ ನಿಷಿದ್ಧ ಎಂಬುದು ಬರೀ ನಂಬಿಕೆಯಾಗಿರಲಿಲ್ಲ, ಕಾನೂನೂ ಆಗಿತ್ತು. 1952ರ ಗಣಿ ಕಾಯಿದೆ ಹೆಂಗಸರು ನೆಲದಡಿ ದುಡಿಯುವುದನ್ನು ತಡೆದಿತ್ತು. 2019ರ ಜನವರಿಯಲ್ಲಿ ಕೇಂದ್ರ ಸರಕಾರ ಅದನ್ನು ಸಡಿಲಿಸಿ, ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ಹಗಲು ಹೊತ್ತು ಹೆಂಗಸರು ಇಳಿಯಬಹುದು ಎಂದಿತು. ಆ ವೇಳೆಗೆ ನಮ್ಮ ಗಣಿ ಮುಚ್ಚಿ ಹದಿನೆಂಟು ವರ್ಷವಾಗಿತ್ತು. ಕೆಜಿಎಫಿನ ಹೆಣ್ಣುಮಕ್ಕಳು ಈಗ ಕತ್ತಲಿರುವಾಗಲೇ ಎದ್ದು ಮಾರಿಕುಪ್ಪದ ರೈಲು ಹತ್ತುತ್ತಾರೆ, ಬಂಗಾರಪೇಟೆಯ ಮೇಲೆ ಹಾದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ಕತ್ತಲಾದ ಮೇಲೆ ಹಿಂತಿರುಗುತ್ತಾರೆ. ಅವರ ಅಪ್ಪಂದಿರು ಶಿಫ್ಟಿಗೆ ಇಳಿದು ಸೂರ್ಯನನ್ನು ಕಾಣದೆ ಮನೆ ಸೇರುತ್ತಿದ್ದಂತೆಯೇ. ಆ ರೈಲಿನ ಹೆಂಗಸರ ಡಬ್ಬಿಯಲ್ಲಿ ಒಮ್ಮೆ ಕುಳಿತು ನೋಡಿ. ಮಲ್ಲಿಗೆ ಕಟ್ಟುತ್ತಾರೆ, ಬೈಬಲ್ ಓದುತ್ತಾರೆ, ಸೊಪ್ಪು ಬಿಡಿಸುತ್ತಾರೆ, ಒಬ್ಬರ ಭುಜಕ್ಕೊಬ್ಬರು ಒರಗಿ ನಿದ್ದೆಹೋಗುತ್ತಾರೆ. ಚಿತ್ರ ಬರೆಯಬಲ್ಲ ಮಕ್ಕಳು ಇಲ್ಲಿದ್ದರೆ, ನಿಮ್ಮ ಚಿತ್ರಶಾಲೆ ಆ ಡಬ್ಬಿ.

ಎರಡು ಕೋರಿಕೆ ಇಟ್ಟು ಮುಗಿಸುತ್ತೇನೆ. ನಿಮ್ಮ ಊರಿನ ಕೆರೆ ಏರಿಯಲ್ಲೋ ಬೇಲಿಯಂಚಿನಲ್ಲೋ ಬಳೆ ತೊಟ್ಟ ಕೈಯ ಕಲ್ಲಿದ್ದರೆ ಅದಕ್ಕೆ ಬಣ್ಣ ಬಳಿಯಬೇಡಿ, ಸಿಮೆಂಟು ಮೆತ್ತಬೇಡಿ. ರಸ್ತೆ ಅಗಲ ಮಾಡಲು ಜೆಸಿಬಿ ಬಂದರೆ ಮುಂದೆ ನಿಂತು ಕೇಳಿ, ಪುರಾತತ್ವ ಇಲಾಖೆಗೆ ಬರೆಯಿರಿ. ಎರಡನೆಯದು ಹಿಂದಿನ ಸಾಲಿನ ಮಕ್ಕಳಿಗೆ. ಸರ್ಫೇಸಿನಲ್ಲಿ ದುಡಿದವರ, ಶಾಫ್ಟಿನ ಬಾಯಲ್ಲಿ ನಿಂತು ಕಾದವರ ನೆನಪಿರುವ ಅಜ್ಜಿಯರು ಇನ್ನೂ ಕೆಲವರು ಉಳಿದಿದ್ದಾರೆ. ಬರುವ ಭಾನುವಾರ ಒಬ್ಬೊಬ್ಬರು ಒಂದೊಂದು ಮನೆಗೆ ಹೋಗಿ. ಫೋನಿನಲ್ಲಿ ಮಾತು ಹಿಡಿದುಕೊಳ್ಳಿ, ಅವರು ಒಪ್ಪಿದರೆ ಕೈಯ ಒಂದು ಫೋಟೋ ತೆಗೆಯಿರಿ. ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಅವರ ಹೆಸರು ಬರೆಯಿರಿ. ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬೇಡ. ಅವರದೇ ಹೆಸರು.